ಓನರಮ್ಮ ಹೇಳಿದ ಒಂದೇ ಒಂದು ಸುಳ್ಳು

ಮೊನ್ನೆ ಬೆಳಿಗ್ಗೆ ಬಚ್ಚಲಿನ ಕಡೆಯಿಂದ ರಬ್ಬರು ಸುಟ್ಟ ವಾಸನೆ ಬಂತು. ವಾಷಿಂಗ್ ಮೆಷಿನ್ ತಿರುಗುತ್ತಿತ್ತು. ಆಗಷ್ಟೇ ಸ್ನಾನ ಮುಗಿಸಿದ್ದ ನಾನು ಬರಿಗಾಲಲ್ಲೇ ಓಡಿಹೋಗಿ, ನಿಲ್ಲಿಸೋಣವೆಂದು ಅದರ ಮೇಲೆ ಕೈಯಿಟ್ಟೆ. ಬೆರಳ ತುದಿಯಿಂದ ಮೊಣಕೈವರೆಗೆ ಜುಮ್ಮೆಂದು ಏನೋ ಓಡಿತು... ಕೈ ಕಿತ್ತುಕೊಂಡು ಗೋಡೆಗೆ ಒರಗಿ ನಿಂತೆ. ಆ ಹೆದರಿಕೆಯ ನಡುವೆಯೇ ಅರಸೀಕೆರೆಯ ನಮ್ಮ ಓನರಮ್ಮ ನೆನಪಾದರು. ಅಯ್ಯೋ, ಹಾಗಾದರೆ ಅವರು ಹೇಳಿದ್ದು ನಿಜವೇ ಆಗಿತ್ತಲ್ಲ ಅನ್ನಿಸಿತು.

ಮೆಕ್ಯಾನಿಕ್ ಬಂದು ನೋಡಿದ. "ಒಳಗೆ ವೈರು ಹೋಗಿದೆ ಮೇಡಂ. ರಿಪೇರಿ ಮಾಡಬಹುದು. ಹಳೇದಾಯ್ತು ಅನ್ಸಿದ್ರೆ ಹೊಸದು ತಗೊಳ್ಳಿ. ಯೋಚ್ನೆ ಮಾಡಿ ಹೇಳಿ" ಎಂದು ಹೋದ. ನಮ್ಮ ಮನೆಯವರು ರಿಪೇರಿಯೇ ಸಾಕು ಅನ್ನುತ್ತಿದ್ದಾರೆ. ನಾನು ಯೋಚನೆ ಮಾಡಲು ಕೂತರೆ ಮೆಷಿನ್ನಿನ ಬದಲು ಓನರಮ್ಮನೇ ಕಣ್ಣಮುಂದೆ ಬರುತ್ತಿದ್ದರು.

ಈ ಹಳೇಬೀಡಿಗೆ ಬರುವ ಮೊದಲು ನಾನು ಗಂಡಸಿ ಎಂಬ ಊರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅರಸೀಕೆರೆಯಲ್ಲಿ ಬಾಡಿಗೆಗಿದ್ದು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಹಡಿಯಲ್ಲಿ ನಾನು, ಕೆಳಗೆ ಮನೆಯ ಯಜಮಾನರು ಮತ್ತು ಓನರಮ್ಮ. ಯಜಮಾನರದು ಕೊಬ್ಬರಿ ವ್ಯಾಪಾರ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಹಾಸನದಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ಅಂದಿನಿಂದ ಓನರಮ್ಮನಿಗೆ ನೆಮ್ಮದಿ ಎನ್ನುವುದೇ ಇರಲಿಲ್ಲ. ಯಜಮಾನರು ಮೆಟ್ಟಿಲು ಹತ್ತಿದರೂ ಭಯ, ಕೊಬ್ಬರಿ ಮಂಡಿಯಿಂದ ಬರುವುದು ತಡವಾದರೂ ಭಯ.

ಮೆಷಿನ್ ಇದ್ದದ್ದು ಹಿತ್ತಲಲ್ಲಿ, ಬಚ್ಚಲ ಪಕ್ಕ. ನನ್ನ ಬಟ್ಟೆಯನ್ನೂ ಅದಕ್ಕೇ ಹಾಕಿಕೊಳ್ಳಲು ಬಿಟ್ಟಿದ್ದರು. ಹಿತ್ತಲಿಗೆ ಹೋಗುವಾಗ ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದೆವು, ಓನರಮ್ಮನ ಹೊರತು. ಬೆಳಿಗ್ಗೆ ಸ್ನಾನ ಮಾಡಿದ ಮೇಲೆ ಲಿಂಗಪೂಜೆ ಮುಗಿಯುವ ತನಕ ಅವರು ಚಪ್ಪಲಿ ಮುಟ್ಟುತ್ತಿರಲಿಲ್ಲ. ಪೂಜೆಗೆ ಕೂರುವ ಮೊದಲು, ಒದ್ದೆ ಕಾಲಲ್ಲೇ ಹೋಗಿ ಬಟ್ಟೆ ಹಾಕಿಬರುವುದು ಅವರ ರೂಢಿ.

ಒಂದು ದಿನ ಮಹಡಿಗೆ ಬಂದು ಮೆತ್ತಗೆ ಕೇಳಿದರು, "ಟೀಚರಮ್ಮ, ಆ ಮೆಷಿನ್ ಮುಟ್ಟಿದ್ರೆ ನಿಂಗೇನಾರ ಆಯ್ತದಾ?"

"ಇಲ್ವಲ್ಲ, ಯಾಕಮ್ಮ?"

"ನಂಗೆ ಜುಮ್ ಅಂತೈತೆ ಕಣೇ. ಯಾರೋ ಒಳಗಿಂದ ಕೈ ಹಿಡ್ಕಂಡು ಎಳ್ದಂಗೆ."

ನಾನು ಕೆಳಗಿಳಿದು ಮುಟ್ಟಿ ನೋಡಿದೆ. ಏನೂ ಆಗಲಿಲ್ಲ. ನನ್ನ ಕಾಲಲ್ಲಿ ಚಪ್ಪಲಿ ಇದ್ದದ್ದು ಇಬ್ಬರಿಗೂ ಹೊಳೆಯಲಿಲ್ಲ. ಯಜಮಾನರು ರಿಪೇರಿಯವನನ್ನು ಕರೆಸಿದರು. ಅವನು ನೀರಿಲ್ಲದ ಮೆಷಿನ್ನಿಗೆ ಟೆಸ್ಟರ್ ಇಟ್ಟು ನೋಡಿ, ಎಲ್ಲ ಸರಿಯಾಗಿದೆ ಎಂದು ಹೊರಟುಹೋದ. ಯಜಮಾನರಿಗೆ ಅಷ್ಟೇ ಸಾಕಾಯಿತು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಎದುರು ಮನೆಗೆ ಹೊಸ ಮೆಷಿನ್ ಬಂತಲ್ಲ, ಅವತ್ತಿಂದ ನಮ್ಮನೇದು ಶಾಕ್ ಹೊಡೀತಾ ಐತೆ!" ಎಂದು ನಕ್ಕರು. ನಾವೂ ನಕ್ಕೆವು.

ಓನರಮ್ಮ ಜಗಳವಾಡಲಿಲ್ಲ. ತಮ್ಮ ಮಟ್ಟಿಗೆ ಒಂದು ಮಣೆ ತಂದಿಟ್ಟುಕೊಂಡು ಅದರ ಮೇಲೆ ನಿಂತು ಬಟ್ಟೆ ಹಾಕತೊಡಗಿದರು. ಅವರ ಹೆದರಿಕೆಯೇ ಬೇರೆ. "ನಂದು ಗಟ್ಟಿ ಜೀವ ಕಣೇ. ಇವ್ರದು ಹಂಗಲ್ವಲ್ಲ... ಸ್ನಾನ ಮಾಡ್ಕಂಡು ಒದ್ದೆ ಕಾಲಾಗೆ ಬಂದು ಮುಟ್ಬಿಟ್ರೆ?" ಅನ್ನುತ್ತಿದ್ದರು. ತಾವಿಲ್ಲದಾಗ ಯಜಮಾನರು ಹಿತ್ತಲಿಗೆ ಬಂದಾರೆಂದು ಬಾಣಾವರದ ಮಗಳ ಮನೆಗೆ ಹೋಗುವುದನ್ನೂ ಬಿಟ್ಟರು. ಮೆಷಿನ್ ತೆಗೆದುಹಾಕಿ ಎಂದು ದಿನಾ ಕಾಡಿದರು. ಚೆನ್ನಾಗಿರುವುದನ್ನು ಯಾಕೆ ತೆಗೆಯಬೇಕು ಎಂದು ಯಜಮಾನರು ದಿನಾ ಗದರಿದರು.

ಒಂದು ಭಾನುವಾರ ನಾನು ಬಕೆಟ್ಟು ಹಿಡಿದು ಇಳಿಯುವಾಗ ಹಿತ್ತಲಲ್ಲಿ ಅದೇ ವಾದ ನಡೆದಿತ್ತು. ಮೆಷಿನ್ ಓಡುತ್ತಿತ್ತು. ನೆಲವೆಲ್ಲ ನೊರೆನೀರು. ಯಜಮಾನರಿಗೆ ರೇಗಿಹೋಯಿತು. "ನಡಿ, ಇವತ್ತು ನೋಡೇ ಬಿಡಾಣ!" ಎಂದವರೇ ಚಪ್ಪಲಿ ಒದರಿ, ಪಂಚೆ ಎತ್ತಿ ಕಟ್ಟಿ, ನೀರಿನಲ್ಲಿ ನಿಂತು ಕೈ ಚಾಚಿದರು.

ಸ್ವಿಚ್ಚು ಅವರ ಬೆನ್ನ ಹಿಂದಿತ್ತು. ಓನರಮ್ಮನಿಗೆ ಎಟಕುವಂತಿರಲಿಲ್ಲ. "ಮುಟ್ಟಬ್ಯಾಡ್ರೀ!" ಎಂದು ಚೀರಿದರು. ಯಜಮಾನರು ಕೈ ಹಿಂದೆಗೆಯಲಿಲ್ಲ. ಓನರಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದರು.

"ಸುಳ್ಳು ಕಣ್ರೀ... ನಾನ್ ಹೇಳಿದ್ದು ಸುಳ್ಳು. ಹೊಸ್ದು ಬೇಕಾಗಿತ್ತು, ಅದುಕ್ಕೇ ಹಂಗಂದೆ."

ಯಜಮಾನರ ಕೈ ಗೇಣು ದೂರದಲ್ಲಿ ನಿಂತಿತು. ತೊಡೆ ತಟ್ಟಿಕೊಂಡು ನಕ್ಕರು. "ನೋಡಿದ್ರಾ ಟೀಚರಮ್ಮ, ಕೊನೆಗೂ ಬಾಯಿ ಬಿಟ್ಲು!" ಎಂದು ಚಪ್ಪಲಿ ಮೆಟ್ಟಿ ಬೀದಿಗೆ ಹೋದರು, ಎಲ್ಲರಿಗೂ ಹೇಳಲು. ಓನರಮ್ಮ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಮೈ ಗಡಗಡ ನಡುಗುತ್ತಿತ್ತು. ನಾಚಿಕೆಯಿಂದ ಇರಬೇಕು ಅಂದುಕೊಂಡೆ ನಾನು.

ಆಮೇಲೆ ಆ ಬೀದಿಗೆಲ್ಲ ಅದೇ ತಮಾಷೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಓನರಮ್ಮ ಯಾರಿಗೂ ಎದುರಾಡಲಿಲ್ಲ. ಪ್ಲಗ್ ಕಿತ್ತಿಟ್ಟು, ಮೆಷಿನ್ನಿನಲ್ಲಿ ಕೊಳೆ ಹೋಗುವುದಿಲ್ಲವೆಂದು ನೆಪ ಹೇಳಿ, ಎಲ್ಲ ಬಟ್ಟೆಯನ್ನೂ ಕಲ್ಲಿನ ಮೇಲೆ ಒಗೆಯತೊಡಗಿದರು. ನನ್ನ ಬಟ್ಟೆಯನ್ನೂ ಕಿತ್ತುಕೊಂಡು ಒಗೆದುಕೊಟ್ಟರು. ಸುಳ್ಳು ಹೇಳಿದ್ದಕ್ಕೆ ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ...

ಈ ಕಡೆಗೆ ವರ್ಗವಾಗಿ ಬಂದೆ, ಮದುವೆಯಾಯಿತು. ಹೋದ ವರ್ಷ ಓನರಮ್ಮ ಕಾಯಿಲೆ ಬಿದ್ದು ತೀರಿಕೊಂಡರು. ಶಿವಗಣಾರಾಧನೆಯ ದಿನ ಯಜಮಾನರು ನನ್ನನ್ನು ಕಂಡವರೇ, "ಇಷ್ಟು ವರ್ಷದಾಗೆ ನನ್ ಹತ್ರ ಒಂದೇ ಒಂದು ಸುಳ್ಳು ಹೇಳಿದ್ಲು ಟೀಚರಮ್ಮ, ಅದೂ ಒಂದು ಮೆಷಿನ್ನಿಗೋಸ್ಕರ" ಎಂದು ನಗುತ್ತ ಕಣ್ಣೊರೆಸಿಕೊಂಡಿದ್ದರು.

ಮೊನ್ನೆ ಶಾಕ್ ಹೊಡೆದಾಗಿನಿಂದ ನನಗೆ ಇದೇ ಸಂಕಟ. ಅವರಿಗೆ ಹೇಳಲೋ ಬೇಡವೋ? ಹೇಳಿದರೆ ಆ ಹೃದಯ ತಡೆದುಕೊಂಡೀತೇ? ಹೇಳದಿದ್ದರೆ, ಅಂಥ ಹೆಂಗಸು ಸುಳ್ಳಿ ಎನ್ನಿಸಿಕೊಂಡೇ ಉಳಿಯಬೇಕೇ? ನಂಬರು ಒತ್ತುವುದು, ಹೆದರಿ ಫೋನು ಕೆಳಗಿಡುವುದು, ಹೀಗೇ ಮಾಡುತ್ತಿದ್ದೆ. ನಿನ್ನೆ ಸಂಜೆ ಧೈರ್ಯ ಮಾಡಿದೆ.

"ಯಜಮಾನ್ರೇ, ನಮ್ಮನೆ ವಾಷಿಂಗ್ ಮೆಷಿನ್ ಕೆಟ್ಟಿದೆ. ರಿಪೇರಿ ಮಾಡ್ಸೋದೋ ಹೊಸದು ತಗೊಳ್ಳೋದೋ ಅಂತ..."

"ಏನಾಗೈತೆ?"

"ಮುಟ್ಟಿದ್ರೆ ಜುಮ್ ಅನ್ನುತ್ತೆ."

ಆ ಕಡೆ ಟಿ.ವಿ. ಆರಿಸಿದರು. ಆಮೇಲೆ ಕೇಳಿದರು, "ಬರಿಗಾಲಾಗೆ ಮುಟ್ಟಿದ್ರಾ?"

ಹೌದೆಂದೆ.

"ಅವ್ಳು ಹೋದ್ಮೇಲೆ ಒಂದಿನ ಪ್ಲಗ್ ಹಾಕಿ ನನ್ ಬಟ್ಟೆ ಹಾಕಾಕೆ ಹೋದೆ" ಎಂದರು. "ಕಾಲಾಗೆ ಚಪ್ಪಲಿ ಇರ್ಲಿಲ್ಲ. ಕೈ ಎಳ್ದಂಗಾಯ್ತು. ಹೆಂಗೋ ಉಳ್ಕಂಡೆ... ಅವತ್ತಿಂದ ಆ ಹಿತ್ಲಿಗೇ ಹೋಗಾಕೆ ಭಯ ಕಣಮ್ಮ."

ಅವರ ದನಿ ಒಡೆಯಿತು. "ಆಮೇಲಾದ್ರೂ ನಿಮ್ ಹತ್ರ ನಿಜ ಹೇಳಿದ್ಲಾ?" ಎಂದು ಕೇಳಿದರು.

"ಇಲ್ಲ ಯಜಮಾನ್ರೇ."

"ನಾನೇ ಎಲ್ರತ್ರನೂ ಆಡ್ಕಂಡು ನಗ್ತಿದ್ನಲ್ಲಮ್ಮ. ನಗ್ಲಿ ಬಿಡು ಅಂತ ಸುಮ್ಕಿದ್ಲಾ?" ಎಂದರು. ಆಮೇಲೆ, "ರಿಪೇರಿ ಬ್ಯಾಡ, ತೆಗ್ದಾಕ್ಸಿಬಿಡಿ" ಎಂದು ಫೋನಿಟ್ಟರು.

ಇವತ್ತು ಮೆಕ್ಯಾನಿಕ್‌ಗೆ ರಿಪೇರಿ ಬೇಡವೆಂದು ಹೇಳಿದ್ದೇನೆ. ಇನ್ನೊಬ್ಬರ ಮನೆಗೆ ಹೋಗದ ಹಾಗೆ ವೈರು ಕತ್ತರಿಸಿ ಗುಜರಿಗೆ ಹಾಕು ಎಂದೂ ಹೇಳಿದ್ದೇನೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನನ್ನ ಮಾತನ್ನು ನಂಬಿ ಹೂಂ ಅನ್ನಲು ಓನರಮ್ಮ ಇರಬೇಕಿತ್ತು. ಅವರ ಮಾತನ್ನು ನಂಬುವವರು ಈಗ ಇಬ್ಬರಿದ್ದೇವೆ. ಅವರೇ ಇಲ್ಲ.