ಮಾವ ಕುಡಿದ ಚಹಾ

ಮೊನ್ನೆ ರಾಯಚೂರಿನ ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕರೊಬ್ಬರು ಅಂಗಿಯೊಳಗೆ ಕೈ ಹಾಕಿ ಎದೆಗೆ ನೋವಿನ ಮುಲಾಮು ತಿಕ್ಕಿಕೊಂಡರು. ಆ ಖಾರ ವಾಸನೆ ಮೂಗಿಗೆ ಬಡಿದದ್ದೇ ನಾನೆದ್ದು ಹಿಂದೆ ಹೋಗಿ ಕೂತೆ. ನನ್ನ ಮಾವನ ಮೈಯೂ ಹಾಗೇ ನಾರುತ್ತಿತ್ತು...

ಗಬ್ಬೂರಿನ ಮನೆಯಲ್ಲಿ ಅವರು ಅಂದದ್ದೇ ಕಾನೂನು. ನಾನು ದೇವದುರ್ಗದ ಶಾಲೆಗೆ ಟೀಚರಾಗಿ ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. ನನ್ನ ರೊಟ್ಟಿ ಒಂದು ದಿನ ದಪ್ಪ, ಒಂದು ದಿನ ಸೀದದ್ದು. ಪೋತ್ನಾಳದ ಹೆಣ್ಣು ತಂದು ಕೆಟ್ಟೆವು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು, ನಾನು ಅಲ್ಲೇ ನಿಂತಿರುವಾಗಲೇ.

ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿಯತೊಡಗಿದಾಗ ರಾಯಚೂರಿನ ಡಾಕ್ಟರು ಒಂದು ಸ್ಕ್ಯಾನ್ ಬರೆದರು. ಹೃದಯದ ಸ್ನಾಯುವಿಗೆ ಎಷ್ಟು ರಕ್ತ ಹರಿಯುತ್ತದೆಂದು ಅಳೆಯುವ ಪರೀಕ್ಷೆ. ನರಕ್ಕೆ ತುಸು ವಿಕಿರಣದ ಮದ್ದು ಕೊಟ್ಟು ಚಿತ್ರ ತೆಗೆಯುತ್ತಾರೆ. ಆಮೇಲೆ ರಕ್ತನಾಳ ಹಿಗ್ಗಿಸುವ ಇಂಜೆಕ್ಷನ್ ಕೊಟ್ಟು ಮತ್ತೊಮ್ಮೆ. ಹರಿವು ಎಷ್ಟು ಏರಿತೆಂದು ಕಂಪ್ಯೂಟರಿನ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಹಿಂದಿನ ದಿನದಿಂದಲೇ ಚಹಾ, ಕಾಫಿ ಮುಟ್ಟಬಾರದು, ಕುಡಿದರೆ ಆ ಇಂಜೆಕ್ಷನ್ ಹತ್ತುವುದಿಲ್ಲ. ನಾನು ಮನೆಯ ಚಹಾಪುಡಿಯನ್ನೇ ಪಕ್ಕದ ಮನೆಗೆ ಕೊಟ್ಟುಬಂದಿದ್ದೆ. ಅದಕ್ಕೂ ಬೈಸಿಕೊಂಡೆ.

ಬೆಳಿಗ್ಗೆ ಮಾವ, ನನ್ನ ಗಂಡ ಮುಂದೆ ಹೋದರು. ನಾನು ಶಾಲೆಗೆ ಹೋಗಿ ರಜೆ ಹೇಳಿ ಆಮೇಲಿನ ಬಸ್ಸಿಗೆ ಆಸ್ಪತ್ರೆ ತಲುಪಿದೆ. ಸ್ಕ್ಯಾನ್ ಮುಗಿದ ಮೇಲೆ ಟೆಕ್ನಿಷಿಯನ್ ಹುಡುಗಿ ನಮ್ಮನ್ನು ಒಳಗೆ ಕರೆದಳು. ಎರಡೂ ಸಲದ ಹರಿವು ಹೆಚ್ಚುಕಡಿಮೆ ಒಂದೇ ಆಗಿತ್ತು. ನಾಳಗಳೇ ಕೆಟ್ಟಿರಬಹುದು, ಇಲ್ಲವೇ ಇಂಜೆಕ್ಷನ್ ಹತ್ತದೇ ಇರಬಹುದು, ಯಾವುದೆಂದು ಹೇಳಲಾಗುವುದಿಲ್ಲ ಎಂದಳು.

"ಅಜ್ಜಾರ, ಚಾ ಕುಡದೀರೇನು? ಖರೆ ಹೇಳ್ರಿ."

ಮಾವ ಬೆರಳು ಮಾಡಿ ನನ್ನನ್ನು ತೋರಿಸಿದರು. "ಸೊಸಿ ಕುಡಿಸ್ಯಾಳ್ರೀ. ನಾ ಸಾಯೂದು ಬೇಕಾಗೇದ ಆಕಿಗೆ."

ನಾನು ಗಂಡನ ಮುಖ ನೋಡಿದೆ. ಅವನು ಗೋಡೆ ನೋಡುತ್ತಿದ್ದ.

ಆ ವಿಕಿರಣದ ಮದ್ದು ದೂರದಿಂದ ತರಿಸಬೇಕು, ಮತ್ತೊಂದು ದಿನ ಗೊತ್ತುಮಾಡಿ ಹೇಳುತ್ತೇವೆ ಎಂದರು. ಆ ದಿನ ಬರುವ ಮೊದಲೇ ಮಾವ ಬಚ್ಚಲಲ್ಲಿ ಕುಸಿದು ಹೋದರು. ಹೆಣ ಎತ್ತುವ ಮುಂಚೆಯೇ ನಾದಿನಿ ಓಣಿಗೆಲ್ಲ ಕೇಳುವಂತೆ ಅತ್ತಳು: ಚಹಾ ಕುಡಿಸಿ ನಮ್ಮಪ್ಪನನ್ನು ಕೊಂದಳು. ಊರು ನಂಬಿತು. ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಅದನ್ನೂ ಊರು ನೋಡಿತು.

ದಿನಕರ್ಮ ಮುಗಿದ ಮೇಲೆ ಗಂಡ ನನ್ನೊಬ್ಬಳ ಮುಂದೆ ಬಾಯಿ ಬಿಟ್ಟ.

"ಬಸ್ ಸ್ಟ್ಯಾಂಡ್‌ನ್ಯಾಗ ನಾನೇ ಕುಡಿಸಿದ್ದೆ. ಅಪ್ಪ ಕೇಳಿದ. ಇಲ್ಲ ಅನ್ನಾಕ ಆಗ್ಲಿಲ್ಲ."

"ಇದನ್ನ ನಿಮ್ಮ ತಂಗಿ ಮುಂದ ಹೇಳು," ಎಂದೆ.

ಅವನು ಹೇಳಲಿಲ್ಲ.

ಮಾವನ ಮೇಲಿನ ನನ್ನ ಸಿಟ್ಟು ಇಂದಿಗೂ ಆರಿಲ್ಲ. ಆದರೂ ಅವರು ಬದುಕಿರಬೇಕಿತ್ತು ಎನಿಸುತ್ತದೆ. ಎದುರಿಗೆ ನಿಂತು ಕೇಳುತ್ತಿದ್ದೆ, ಒಪ್ಪುವವರೆಗೂ ಬಿಡುತ್ತಿರಲಿಲ್ಲ. ಆ ಜಗಳವನ್ನು ಸಾವು ನನ್ನಿಂದ ಕಸಿದುಕೊಂಡಿತು...

ಈ ವರ್ಷವೂ ತಿಥಿಗೆ ನಾದಿನಿ ಬಂದಿದ್ದಳು. ಫೋಟೊಕ್ಕೆ ನಾನು ಹೂವು ಏರಿಸಹೋದರೆ, ನೀನು ಮುಟ್ಟಬೇಡ ಎಂದು ಕೈ ತಳ್ಳಿದಳು. ನನ್ನ ಗಂಡ ಪಕ್ಕದಲ್ಲೇ ಕೂತು ಹಾರದ ದಾರದ ಗಂಟು ಬಿಡಿಸುತ್ತಿದ್ದ.