ಕಾವು ಇಳಿಯದ ಮಿರಗ

ಮಿರಗದ, ಅಂದರೆ ಮೃಗಶಿರದ, ಮಳೆ ಶುರುವಾಯಿತೆಂದರೆ ಪಕ್ಕದ ಮನೆಯ ಹಿರಿಯಾಕೆ ಕಾಕುವಿನ ಬಲಗೈ ಮೊಣಕೈವರೆಗೂ ಕರಿಮಣ್ಣಾಗಿರುತ್ತಿತ್ತು. ಬಸದಿಯಿಂದ ಬಂದವರೇ ನಮ್ಮೆರಡೂ ಮನೆಗೆ ಸೇರಿದ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣು ಬಗೆದು, ಕೈ ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದರು. ನೆಲದೊಳಗೆ ಬೇಸಿಗೆಯ ಕಾವು ಉಳಿದಿದ್ದರೆ ಕುಂಬಳದ ಬೀಜ ಬೆಂದುಹೋಗುತ್ತದೆ. ತಡಮಾಡಿದರೆ ಕೃಷ್ಣೆ ಏರುವ ಹೊತ್ತಿಗೆ ಬಳ್ಳಿ ಮಾಳಿಗೆ ಹತ್ತಿರುವುದಿಲ್ಲ, ನೀರಲ್ಲಿ ಕೊಳೆಯುತ್ತದೆ. ಕಾಕುವಿನ ಕೈ ಹೇಳಿದ ದಿನವೇ ಜುಗೂಳದ ನಮ್ಮ ಓಣಿಯೆಲ್ಲ ಬೀಜ ಹಾಕುತ್ತಿತ್ತು.

ಬಲು ಅಂಜುಬುರುಕಿ ಅವರು. ಹೀಚಿಗೆ ಬೆರಳು ಮಾಡಿ ತೋರಿಸಿದರೆ ಕೊಳೆಯುತ್ತದೆಂದು ನನ್ನ ಕೈಗೆ ಪಟ್ಟನೆ ಹೊಡೆಯುತ್ತಿದ್ದರು. ನಾನು ನಗುತ್ತಿದ್ದೆ. ನನ್ನ ಮೊದಲ ಬಸಿರು ಮೂರನೇ ತಿಂಗಳಿಗೆ ಹೋಗಿತ್ತು. ಎರಡನೆಯದು, ಹೀಚುಗಳು ಹಳದಿಯಾಗಿ ಉದುರಿದ ವಾರವೇ ಹೋಯಿತು. ಡಾಕ್ಟರು ಏನೇನೋ ಕಾರಣ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಆ ಹಳದಿ ಹೀಚು ಮಾತ್ರ.

ಮರುವರ್ಷದ ಮಿರಗಕ್ಕೆ ನಾನು ಮತ್ತೆ ಬಸುರಿ.

"ಕಾಕು, ಈ ಸಲ ಬಳ್ಳಿಗೇನರ ಆದ್ರ ನಾ ಉಳಿಯಂಗಿಲ್ರಿ" ಎಂದುಬಿಟ್ಟೆ.

ಅವರು ಹಿತ್ತಲಿಗೆ ಹೋಗಿ ಮಣ್ಣಲ್ಲಿ ಕೈಯಿಟ್ಟರು. "ಇನ್ನೂ ಕಾವ ಇಳದಿಲ್ಲ, ತಂಗಿ."

ನಾಲ್ಕು ದಿನ ಮಳೆ ಹೊಡೆಯಿತು. "ಕಾವ ಐತಿ" ಎಂದರು. ವಾರ ಕಳೆಯಿತು, ಅದೇ ಮಾತು. ಕಾದು ಸಾಕಾಗಿ ಓಣಿಯವರು ತಾವೇ ಬೀಜ ಹಾಕಿದರು. ಅವರ ಬಳ್ಳಿ ನಾಲ್ಕೆಲೆ ಬಿಟ್ಟಾಗ ಎದುರು ಮನೆಯಾಕೆ, "ಕಾಕುನ ಕೈ ಮರಗಟ್ಟೇತಿ ಬಿಡ್ರಿ" ಎಂದು ಎಲ್ಲರೆದುರು ನಕ್ಕಳು. ಕಾಕು ತಲೆ ತಗ್ಗಿಸಿ ಕೈ ತೊಳೆಯಲು ಹೋದರು. ಹಿತ್ತಲಿಗೆ ಕಾಲಿಟ್ಟರೆ ಕೆಸರು ತಣ್ಣಗೆ ಕೊರೆಯುತ್ತಿತ್ತು. ಕಾಕು ಸುಳ್ಳು ಹೇಳುತ್ತಿದ್ದಾರೆಂದು ನನಗೆ ತಿಳಿಯಿತು, ಆದರೆ ಕೇಳಲು ಹೆದರಿದೆ.

ಶ್ರಾವಣದಲ್ಲಿ ಹೊಳೆ ಓಣಿಯ ತುದಿಗೆ ಬಂದು ಹಿತ್ತಲುಗಳಿಗೆಲ್ಲ ನುಗ್ಗಿತು. ದಿನಾ ಎದ್ದ ಕೂಡಲೇ ಹಾಸಿಗೆ ರಕ್ತದಿಂದ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಾಕು ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದರು. ನೀರು ಇಳಿದಾಗ ಓಣಿಯ ಬಳ್ಳಿಗಳೆಲ್ಲ ಕೊಳೆತು ನಾರುತ್ತಿದ್ದವು. ನಮ್ಮ ಹಿತ್ತಲಲ್ಲಿ ಬರೀ ಕರಿಮಣ್ಣು. ನಾನು ನೋಡಿ ಹೆದರುವಂಥದ್ದು ಏನೂ ಇರಲಿಲ್ಲ.

ಮಗಳು ಹುಟ್ಟಿದ ಮೇಲೆ ಕೇಳಿದೆ. "ಖರೇ ಹೇಳ್ರಿ ಕಾಕು, ಆಗ ಮಣ್ಣ ಬಿಸಿ ಇತ್ತೇನ್ರಿ?"

"ಮಣ್ಣ ಎಲ್ಲಿ ಬಿಸಿ ಇತ್ತ ಬೇ? ನನ್ನ ಎದಿ ಡವಡವ ಅಂತಿತ್ತು" ಎಂದು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಹೋದ ವರ್ಷ ಕಾಕು ತೀರಿಕೊಂಡರು. ಈ ಮಿರಗದಲ್ಲಿ ಮಣ್ಣಿಗೆ ಕೈಯಿಟ್ಟೆ. ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಅಂದಾಜಿನ ಮೇಲೆ ಬೀಜ ಹಾಕಿದೆ. ಮೊನ್ನೆ ಮೊದಲ ಹೀಚು ಕಂಡು ಮಗಳು, "ಅವ್ವಾ, ಅಲ್ನೋಡ!" ಎಂದು ಬೆರಳು ಮಾಡಿದಳು. ಯೋಚಿಸುವ ಮೊದಲೇ ಅವಳ ಕೈಗೆ ಪಟ್ಟನೆ ಹೊಡೆದೆ.

ಅವಳು ಅಳುಮುಖ ಮಾಡಿದಳು. ಹೊಡೆದದ್ದು ನನ್ನ ಕೈ, ಹೆದರಿಕೆ ಕಾಕುವಿನದು. ಆ ಹೆದರಿಕೆಯ ಋಣದಿಂದಲೇ ಅವಳು ಹುಟ್ಟಿ ಬೆಳೆದು ನನ್ನ ಮುಂದೆ ನಿಂತು ಅಳುತ್ತಿದ್ದಳು.