ನೆಸ್ಟರ್ ತಂದ ಹಳದಿ ಅನ್ನ

ಅನ್ನದೊಳಗೆ ಒಣದ್ರಾಕ್ಷಿ! ಅದೂ ಉಪ್ಪು ಹಾಕಿದ ಅನ್ನ. ಮೇಲೆ ಕೋಳಿ, ಕೋಳಿಯ ಮೇಲೆ ಅದರದೇ ಮೊಟ್ಟೆ. ನಮ್ಮಲ್ಲಿ ಬಾಳೆ ಎಲೆ ಹಾಸಿ ಅನ್ನ ಬಡಿಸಿದರೆ, ಈ ಫಿಲಿಪೈನ್ಸಿನವರು ಪಾತ್ರೆಯ ತಳಕ್ಕೇ ಎಲೆ ಹಾಸಿ ಅನ್ನ ಬೇಯಿಸುತ್ತಾರೆ. ಕುವೈತಿಗೆ ಬಂದ ಹೊಸದರಲ್ಲಿ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನೆನೆದರೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನನಗೂ ಒಂದು ಪಾಲಿದೆ.

ನಾನು ಚಿತ್ತಾಪುರದವನು. ಶಹಾಬಾದಿನಲ್ಲಿ ವೆಲ್ಡಿಂಗ್ ಕಲಿತೆ. ಅದಕ್ಕಿಂತ ಚೆನ್ನಾಗಿ ಮಂದಿಯ ಅಣಕ ಕಲಿತೆ. ಮೇಸ್ತ್ರಿಯ ಕೆಮ್ಮು, ಮಾಸ್ತರರ ಸಿಡುಕು, ಸಂಬಳದ ದಿನ ನನ್ನದೇ ಸೆಟೆದ ನಡಿಗೆ, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ನಮ್ಮ ಮನೆಯ ಹಾಸುಗಲ್ಲು ಬೇಸಗೆಯ ಮಧ್ಯಾಹ್ನವೂ ತಣ್ಣಗಿರುತ್ತದೆ. ಇಲ್ಲಿ ತಗಡಿನ ಶೆಡ್ಡು. ಮಲಗಿದರೆ ಮಂಚದ ಕಬ್ಬಿಣ ಸುಡುತ್ತದೆ. ಅವ್ವನ ಕಾಗದ ಬಂದ ದಿನ ವೆಲ್ಡಿಂಗ್ ಮುಖವಾಡವನ್ನು ಮುಖದ ಮೇಲೆ ಎಳೆದುಕೊಂಡು ಅತ್ತಿದ್ದೆ. ಕಿಡಿ ಇಲ್ಲದೆ ಮುಖವಾಡ ಯಾಕೆಂದು ಕೇಳದವನು ಒಬ್ಬನೇ, ಪಕ್ಕದಲ್ಲಿ ಬೆಸೆಯುವ ಫಿಲಿಪೈನ್ಸಿನ ನೆಸ್ಟರ್. ನನ್ನನ್ನು ‘ಪಾರೆ’ ಎನ್ನುತ್ತಾನೆ, ಅಂದರೆ ಗೆಳೆಯ. ಇಬ್ಬರದೂ ಹರಕು ಇಂಗ್ಲಿಷು, ಹೇಗೋ ನಡೆಯುತ್ತದೆ.

ಆ ಅನ್ನದ ಹೆಸರು ಬ್ರಿಂಘೆ. ಸ್ಪೇನಿನವರು ಮುನ್ನೂರು ವರ್ಷ ಆಳಿ ತಮ್ಮ ಕೇಸರಿ ಅನ್ನವನ್ನು ಬಿಟ್ಟುಹೋದರಂತೆ. ನೆಸ್ಟರ್‌ನ ಸೀಮೆಯ ಬಡವರಿಗೆ ಕೇಸರಿ ಎಲ್ಲಿಂದ ಬರಬೇಕು? ಅರಿಶಿನ ಹಾಕಿದರು, ಅಂಟಕ್ಕಿಯನ್ನು ತೆಂಗಿನಹಾಲಿನಲ್ಲಿ ಬೇಯಿಸಿದರು. ನಮ್ಮ ಕಡೆ ನಿಜಾಮರು ಹೋದ ಮೇಲೂ ಅವರ ಹಳದಿ ಮಸಾಲೆ ಅನ್ನ, ತಹರಿ, ಉಳಿದಿಲ್ಲವೇ, ಹಾಗೆಯೇ.

ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಕಡೆಯವರ ಶಾಕಾಹಾರಿ ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದೆವು. ಸೇಡಮ್ಮಿನ ಬಸಣ್ಣ ಕಾಕಾ ಇಲ್ಲಿನ ಹಿರಿಯರು. ನನಗೆ ವೀಸಾ ಕೊಡಿಸಿದವರೂ ಅವರೇ. ನೆಸ್ಟರ್ ಸಣ್ಣ ಪಾತ್ರೆಯೊಂದನ್ನು ಎದೆಗೊತ್ತಿ ಹಿಡಿದು ಬಾಗಿಲಲ್ಲಿ ನಿಂತ.

“ಪಾರೆ, ಊರಲ್ಲಿ ನನ್ನ ಮಗಳ ಹುಟ್ಟುಹಬ್ಬ. ಇದರಲ್ಲಿ ಕೋಳಿ ಇಲ್ಲ. ಪಾತ್ರೆ ಹೊಸದು, ಸೌಟೂ ಹೊಸದು. ನಿನಗೆ ಅಂತಲೇ ಮಾಡಿದೆ.”

“ಏ ತಮ್ಮಾ, ಮುಟ್ಟಬ್ಯಾಡ ಅದನ್ನ,” ಎಂದರು ಕಾಕಾ. “ಗಡಿಗಿ ಹೊಸಾದಿದ್ರೇನು? ಕೈ ಹಳೇದೇ ಅದ ಅಲ್ಲಾ!”

“ಬರೇ ಅನ್ನ ಅದ್ರಿ ಕಾಕಾ. ನಮ್ಮ ತಹರಿ ಇದ್ದಂಗ.”

“ತಿನ್ನು, ಯಾರು ಬ್ಯಾಡಂದಾರ? ನಿಮ್ಮಪ್ಪಗ ನಾನೇ ಕಾಗದ ಬರೀತೀನಿ. ನಾಳಿಂದ ಈ ಪಂಗತಿಗೆ ಮಾತ್ರ ಬರಬ್ಯಾಡ.”

ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಎದ್ದು, ಖಾಲಿ ಕೈಯನ್ನು ಎದೆಗೊತ್ತಿಕೊಂಡು ನೆಸ್ಟರ್‌ನ ಹಾಗೆ ಕಾಲು ಅಗಲಿಸಿ ನಡೆದೆ. ಮೂಗಿನಲ್ಲಿ “ಪಾರೆ, ಪಾರೆ” ಎಂದೆ. ಮೆಸ್ಸು ಬಿದ್ದು ಬಿದ್ದು ನಕ್ಕಿತು. ಕಾಕಾನ ಕಣ್ಣಲ್ಲಿ ನೀರೇ ಬಂತು. ನೆಸ್ಟರ್ ಕೂಡ ಒಂದು ಗಳಿಗೆ ನಕ್ಕ. ಆಮೇಲೆ ಮುಚ್ಚಳ ಸರಿಮಾಡಿಕೊಂಡು ಹೋದ.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾದರೆ ಇದೇ ಕಾಕಾ ಭಜಿ ಕರಿದ ಕೈ ಯಾರದೆಂದು ಕೇಳುತ್ತಾರೆಯೇ? ಊರಲ್ಲಿ ಮಠದ ಕಟ್ಟೆಯ ಮೇಲೆ ಕೂತು ಕುಲ ಸುಳ್ಳು ಎಂದು ಹಾಡುವ ಬಾಯಿ ಅದು! ಸಮುದ್ರ ದಾಟಿದ್ದು ನಮ್ಮ ಪೆಟ್ಟಿಗೆ ಹಾಸಿಗೆ ಮಾತ್ರ. ಅದಿರಲಿ, ಕಾಕಾ ಹೇಳಿದ್ದು ಎರಡು ಮಾತು. ಕುಣಿದವನು ನಾನು.

ಊಟ ಅರ್ಧಕ್ಕೇ ಬಿಟ್ಟು ನೆಸ್ಟರ್‌ನ ಕೋಣೆಗೆ ಹೋದೆ. ಅವನು ತಲೆ ಎತ್ತಲಿಲ್ಲ.

“ನೀನು ಎಲ್ಲರನ್ನೂ ಅಣಕಿಸ್ತೀಯ, ನಾನೂ ನಗ್ತೀನಿ. ಆದರೆ ಇವತ್ತು ನನ್ನ ಕೈಯಲ್ಲಿ ಮಗಳ ಅನ್ನ ಇತ್ತು.”

ಪಾತ್ರೆ ಎತ್ತಿಕೊಂಡೆ. ಅವನು ತಡೆಯಲಿಲ್ಲ. ನಮ್ಮ ಮೆಸ್ಸಿಗೇ ತಂದು, ಪಂಗತಿಯ ನಡುವೆ ಕೂತು ಉಣ್ಣತೊಡಗಿದೆ.

“ಎದ್ದೇಳಲೇ,” ಎಂದರು ಕಾಕಾ.

“ಉಂಡು ಏಳ್ತೀನ್ರಿ.”

ತಳದ ಎಲೆ ಕಾಣುವವರೆಗೆ ಉಂಡೇ ಎದ್ದೆ. ಕಾಕಾ ಅಂದಂತೆಯೇ ನಡೆದುಕೊಂಡರು. ಕಾಗದವೂ ಚಿತ್ತಾಪುರ ಮುಟ್ಟಿರಬೇಕು. ಅಪ್ಪ ಇನ್ನೂ ಉತ್ತರ ಬರೆದಿಲ್ಲ. ನೆಸ್ಟರ್ ಮಾತಾಡುತ್ತಾನೆ, ಆದರೆ ‘ಪಾರೆ’ ಅನ್ನುವುದಿಲ್ಲ. ಈಗ ಒಂದು ಸ್ಟೋವು ಕೊಂಡು ನಾನೇ ಬೇಯಿಸಿಕೊಳ್ಳುತ್ತೇನೆ. ನಮ್ಮ ಮೆಸ್ಸಿಗೂ ಫಿಲಿಪೈನ್ಸಿನವರ ಮೆಸ್ಸಿಗೂ ನಡುವೆ ನೀರಿನ ಟ್ಯಾಂಕಿನ ಕಟ್ಟೆಯಿದೆ, ಅಲ್ಲಿ ಕೂತು ಉಣ್ಣುತ್ತೇನೆ. ಎಡಗಡೆಯಿಂದ ನಮ್ಮ ಬೇಳೆಯ ಒಗ್ಗರಣೆಯ ವಾಸನೆ ಬರುತ್ತದೆ, ಬಲಗಡೆಯಿಂದ ತೆಂಗಿನಹಾಲಿನದು. ಎರಡಕ್ಕೂ ಹಸಿವಾಗುತ್ತದೆ. ಎರಡೂ ಕಡೆಯಿಂದ ಯಾರೂ ಬಾ ಅನ್ನುವುದಿಲ್ಲ.